ಟೇಪಿನ ಗೆರೆಗೆ ನಿಂತ ನೀರು

ಅವಳು ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಗೇಣುದ್ದದ ದುರ್ಬೀನನ್ನು ಒತ್ತಿಕೊಂಡು ಕಿಟಕಿಯ ಬೆಳಕಿನತ್ತ ತಿರುಗಿದಳು. ಕಡಲ ಮೀನು ಸಾಕಿದ ಉಪ್ಪುನೀರಿನ ತೊಟ್ಟಿಯಿಂದ ಒಂದೇ ಒಂದು ಹನಿ ತೆಗೆದು ಅದರ ಮೂತಿಯ ಗಾಜಿಗೆ ಬಿಟ್ಟರೆ ಸಾಕು, ಒಳಗೆ ನೀಲಿಯೂ ಬಿಳಿಯೂ ಕೂಡುವ ಗೆರೆ ನೀರಲ್ಲಿ ಉಪ್ಪೆಷ್ಟಿದೆ ಎಂದು ಹೇಳಿಬಿಡುತ್ತದೆ. ಕಳೆದ ಭಾನುವಾರ ಸಾವಿರಕ್ಕೆ ಮೂವತ್ತೈದು ಅಂಶ ಎಂದು ಹೇಳಿತ್ತು. ಇವತ್ತು ಶನಿವಾರ, ಮೂವತ್ತಮೂರು.

ಔಷಧಿ ಅಂಗಡಿಯಲ್ಲಿ ಹದಿನೆಂಟು ವರ್ಷ ಅಳೆದು ತೂಗಿದ ಕೈ ಅವಳದು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಏರಿದ್ದರೆ ಬಿಸಿಲಿನ ಕೆಲಸ ಎನ್ನಬಹುದಿತ್ತು. ಇಳಿದದ್ದು ಯಾರ ಕೆಲಸ? ಮೊದಲು ದುರ್ಬೀನಿನ ಮೇಲೇ ಅನುಮಾನಪಟ್ಟಳು. ಬಟ್ಟಿ ಇಳಿಸಿದ ನೀರಿನ ಹನಿ ಹಾಕಿ ನೋಡಿದಳು. ಗೆರೆ ಸೊನ್ನೆಯ ಮೇಲೆ ಸಾಚಾ ಆಗಿ ಕೂತಿತು. ಸರಿ, ಇನ್ನು ಉಳಿದವರು ಮನುಷ್ಯರು.

ಇನ್ನೂ ಒಂದು ವಿಷಯವಿತ್ತು. ಗಾಜಿಗೆ ಅವಳು ಕಪ್ಪು ಟೇಪು ಅಂಟಿಸಿದ್ದಳು, ನೀರು ಇಷ್ಟಿರಬೇಕೆಂದು. ದಿನಾ ಬೆಳಿಗ್ಗೆ ಒಂದು ಬೆರಳಿನಷ್ಟು ಇಳಿದಿರುತ್ತಿತ್ತು, ಅವಳು ಶುದ್ಧ ನೀರು ಹಾಕಿ ಸರಿಮಾಡುತ್ತಿದ್ದಳು. ಈ ವಾರ ಒಂದು ದಿನವೂ ಇಳಿದಿರಲಿಲ್ಲ. ಯಾರೋ ಅವಳ ಕೆಲಸವನ್ನು ಅವಳಿಗೂ ಮೊದಲೇ ಮಾಡಿ ಮುಗಿಸುತ್ತಿದ್ದರು.

"ಏನು ಚೆಕಿಂಗೂ, ಪ್ಯಾಸೆಂಜರುಗಳೆಲ್ಲ ಸೀಟಲ್ಲಿದ್ದಾರಾ?" ಕುರ್ಚಿಯಿಂದ ಅಪ್ಪ ಕೇಳಿದರು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು. ಮಗಳನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಯಿತೋ.

ಅವಳು ಉತ್ತರ ಕೊಡದೆ ಬಗ್ಗಿ ಅವರ ಕಣಕಾಲಿಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದಮೇಲೂ ಗುಳಿ ಹಾಗೇ ಉಳಿಯಿತು, ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ. ತೂಕದ ಯಂತ್ರ ಎರಡು ಕೆಜಿ ಹೆಚ್ಚು ತೋರಿಸಿತು. ಹೃದಯ ಒಮ್ಮೆ ಕೈಕೊಟ್ಟ ಮನುಷ್ಯ. ಉಪ್ಪು ಕಡಿಮೆ ಮಾಡಿ ಎಂದಿದ್ದರು ಡಾಕ್ಟರು; ಇವಳು ಪೂರ್ತಿ ನಿಲ್ಲಿಸಿಬಿಟ್ಟಿದ್ದಳು. ಅಡುಗೆಯ ಉಪ್ಪು, ಮೀನಿನ ಉಪ್ಪು ಎರಡೂ ಒಂದೇ ಕಪಾಟಿನಲ್ಲಿ, ಒಂದೇ ಬೀಗದಲ್ಲಿ. ಆದರೂ ಕಾಲು ಊದಿತ್ತು ಅಂದರೆ ಉಪ್ಪು ಎಲ್ಲಿಂದಲೋ ಬರುತ್ತಿತ್ತು.

ಹಗಲು ಮನೆಯಲ್ಲಿರುವುದು ಅಪ್ಪ, ಮತ್ತೆ ಅವರನ್ನು ನೋಡಿಕೊಳ್ಳುವ ಆಯಾ. ಆಯಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅವಳು ಕೇಳಿದಳು.

"ಗಂಜಿಗೆ ಉಪ್ಪು ಹಾಕ್ತಿದ್ದೀರಾ?"

"ಬೀಗದ ಕೈ ನಿಮ್ಮ ಬ್ಯಾಗಲ್ಲಿದೆ. ನಾನೇನು ಬೆವರು ಹಿಂಡಿ ಹಾಕ್ಲಾ ಅಮ್ಮಾ?"

"ಮನೆಯಿಂದ ಪೊಟ್ಟಣ ಕಟ್ಕೊಂಡು ಬರಬಹುದಲ್ಲ. ಅಯ್ಯೋ ಪಾಪ ಅಂತ."

ಆಯಾ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ತೊಟ್ಟಿಗೆ ನಲ್ಲಿ ನೀರು ಸುರಿದಿದ್ದು ಯಾರು ಹಾಗಾದ್ರೆ?"

"ಅದರ ಹತ್ರಾನೇ ನಾನು ಹೋಗಲ್ಲ. ಆ ಎರಡು ಮೀನೂ ಹೆಂಗೆ ನೋಡ್ತಾವೆ ಅಂದ್ರೆ, ಥೇಟ್ ನಮ್ಮತ್ತೆ."

"ಎಲ್ಲಾನೂ ತಮಾಷೆ ನಿಮಗೆ. ನಾಳೆಯಿಂದ ಬರಬೇಡಿ. ಇವತ್ತೂ ಬೇಡ, ನಾನೇ ರಜೆ ಹಾಕ್ತೀನಿ."

"ಸರಿ ಮೇಡಂ," ಎಂದಳು ಆಯಾ. ಎರಡು ವರ್ಷದಿಂದ ಕರೆಯುತ್ತಿದ್ದ 'ಅಮ್ಮಾ' ಹೋಗಿ 'ಮೇಡಂ' ಬಂದಿತ್ತು. ಬಿಟ್ಟ ಚಪ್ಪಲಿಗೇ ಮತ್ತೆ ಕಾಲು ತೂರಿಸುತ್ತ ಒಳಗೆ ಕತ್ತು ಚಾಚಿ ಅಪ್ಪನಿಗೆ, "ಅಣ್ಣಾ, ಹತ್ತು ಗಂಟೆ ಮಾತ್ರೆ ಮರೀಬೇಡಿ," ಎಂದಳು.

ಬಸ್ಸು ತುಂಬ ಬಾಯಿ ಮಾಡಿದ ಮನುಷ್ಯ ತುಟಿ ಬಿಚ್ಚಲಿಲ್ಲ. ಮಗಳು ಅದನ್ನೂ ಗಮನಿಸಿದಳು. ಆದರೆ ಅದಕ್ಕೆ ಅರ್ಥ ಹಚ್ಚಲು ಅವಳಿಗೆ ಆಗ ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಅವಳೇ ಗಂಜಿ ಬಡಿಸಿ ಎದುರಿಗೇ ಕೂತಳು. ಅಪ್ಪ ಎರಡು ಚಮಚ ನುಂಗಿ ತಟ್ಟೆ ಸರಿಸಿದರು. "ಹಸಿವಿಲ್ಲ ಕಣೇ."

ತಟ್ಟೆಯನ್ನೂ ಅವರ ಸ್ಟೀಲಿನ ಲೋಟವನ್ನೂ ಎತ್ತಿಕೊಂಡು ಅವಳು ತೊಟ್ಟಿಯ ಪಕ್ಕದಲ್ಲಿ ಹಾದಳು. ಕಿತ್ತಳೆ ಮೈಯ ಎರಡೂ ಮೀನು ಬುಡದಿಂದ ಬಾಣದ ಹಾಗೆ ಮೇಲಕ್ಕೆ ಬಂದು ಮೂಲೆಗೆ ಮೂತಿ ಒತ್ತಿ ಬಾಯಿ ತೆರೆದವು. ಅವಳು ನಿಂತಳು. ಲೋಟವನ್ನು ಬೆನ್ನ ಹಿಂದೆ ಹಿಡಿದಳು, ಅವು ಇಳಿದವು. ಮುಂದೆ ತಂದಳು, ಮತ್ತೆ ಓಡಿ ಬಂದವು. ತಿಂಡಿ ಹಾಕುವ ಅವಳ ಕೈಗೂ ಅವು ಹೀಗೆ ಬಂದದ್ದಿಲ್ಲ.

ಲೋಟದ ಹೊರಮೈಯಲ್ಲಿ ಒಣಗಿದ ಹನಿಗಳ ಬಿಳಿ ಉಂಗುರಗಳಿದ್ದವು. ಬೆರಳಲ್ಲಿ ಉಜ್ಜಿ ನಾಲಗೆಗೆ ಇಟ್ಟಳು.

ತೊಟ್ಟಿಯಲ್ಲಿ ಇಳಿದ ಎರಡಂಶ ಉಪ್ಪು ಎಲ್ಲಿಗೆ ಏರಿತ್ತೆಂದು ತಿಳಿಯಲು ಈಗ ದುರ್ಬೀನು ಬೇಕಿರಲಿಲ್ಲ.

"ಅಪ್ಪಾ."

"ಬಿಟ್ಟಿ ಹತ್ತಿಲ್ಲ ಕಣೇ," ಅಪ್ಪ ತಲೆ ಎತ್ತದೆ ಹೇಳಿದರು. "ದಿನಾ ಟಿಕೆಟ್ ತಗೊಂಡಿದ್ದೀನಿ. ಒಂದು ಲೋಟಕ್ಕೆ ಅವಕ್ಕೆ ಒಂದು ಚಿಟಿಕೆ ತಿಂಡಿ. ಆಯಾ ಬಟ್ಟೆ ಒಣಹಾಕಕ್ಕೆ ಮೇಲೆ ಹೋದಾಗ ಗಂಜಿಗೆ ಬೆರೆಸ್ಕೋತಿದ್ದೆ. ಬೆಳಿಗ್ಗೆ ನೀನು ಏಳೋಕ್ಕೆ ಮುಂಚೆ ನಲ್ಲಿ ನೀರು ನಿನ್ನ ಟೇಪಿನ ಗೆರೆತನಕ ತುಂಬಿಸಿಬಿಡ್ತಿದ್ದೆ. ಮೊದಲನೇ ದಿನ ವಾಕರಿಕೆ ಬಂತು. ಎರಡನೇ ದಿನ ಗಂಜಿ ಗಂಜಿ ಥರ ಇತ್ತು."

"ಅದು ಮೀನಿನ ನೀರಪ್ಪ! ಸತ್ತುಗಿತ್ತು ಹೋಗಿದ್ರೆ?"

ಅವಳು ಲೋಟವನ್ನು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

"ಆಯಾಗೆ ಗೊತ್ತಿತ್ತಾ?"

"ಗೊತ್ತಾಗಿದ್ರೆ ಬಿಡ್ತಿದ್ಲಾ? ಕೈ ಮುರೀತಿದ್ಲು."

"ಮತ್ತೆ ಅವರನ್ನ ಕಳಿಸುವಾಗ ಸುಮ್ಮನೆ ಕೂತಿದ್ಯಲ್ಲ."

ಅಪ್ಪ ತಮ್ಮ ಊದಿದ ಕಾಲುಗಳನ್ನು ನೋಡಿಕೊಂಡರು. "ಅದಕ್ಕೆ ನನ್ನತ್ರ ಟಿಕೆಟ್ ಇಲ್ಲ," ಎಂದರು.

ಅವಳು ಡಾಕ್ಟರಿಗೆ ಫೋನು ಮಾಡಿದಳು. ಅಪ್ಪನ ಪಾಲಿನದನ್ನೂ ತನ್ನ ಪಾಲಿನದನ್ನೂ ಸೇರಿಸಿ ಬೈಸಿಕೊಂಡಳು. ನೀರಿಳಿಸುವ ಮಾತ್ರೆ ಇನ್ನರ್ಧ ಕೊಡಿ, ಸೋಮವಾರ ಕರೆತನ್ನಿ. ಮತ್ತೆ, ಕಡಿಮೆ ಮಾಡಿ ಅಂದರೆ ಕಡಿಮೆ, ಸೊನ್ನೆ ಅಂತ ಯಾರು ಹೇಳಿದ್ದು ನಿಮಗೆ? ಊಟಕ್ಕೆ ಇಂತಿಷ್ಟು ಎಂದು ಅವರು ಹೇಳಿದ ಲೆಕ್ಕ ಬರೆದುಕೊಂಡಳು.

ಆಮೇಲೆ ಆಯಾಗೆ ಇನ್ನೊಂದು ಫೋನು. ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ತಪ್ಪು ನನ್ನದು. ನಾಳೆ ಬನ್ನಿ."

"ಬೀಗದ ಕೈ ನನ್ನ ಹತ್ರ ಇರಬೇಕು."

"ಇರಲಿ."

"ಸರಿ ಮೇಡಂ."

ಮೀನಿನ ಉಪ್ಪು ತೂಗುವ ಪುಟ್ಟ ತಕ್ಕಡಿಯನ್ನು ಅವಳು ಊಟದ ಮೇಜಿಗೆ ತಂದಳು. ಅಡುಗೆಯ ಉಪ್ಪನ್ನು ಕಾಗದದ ಮೇಲೆ ಸುರಿದು, ಹೆಚ್ಚಾದದ್ದನ್ನು ಚಾಕುವಿನ ತುದಿಯಿಂದ ತೆಗೆದು, ಉಳಿದಷ್ಟನ್ನು ಬಿಸಿಮಾಡಿದ ಗಂಜಿಯ ಪಕ್ಕ, ತಟ್ಟೆಯ ಅಂಚಿಗೆ ಹಾಕಿದಳು.

ಅಪ್ಪ ಗಂಜಿಗೆ ಬೆರೆಸಲಿಲ್ಲ. ಬೆರಳ ತುದಿಗೆ ನಾಲ್ಕೇ ಹರಳು ಹತ್ತಿಸಿಕೊಂಡು, ಒಂದೊಂದು ಚಮಚಕ್ಕೂ ಮುಂಚೆ ನಾಲಗೆಗೆ ಮುಟ್ಟಿಸುತ್ತ, ನಿಧಾನವಾಗಿ ಉಂಡರು. ಅವರ ಲೋಟ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೇ ಉಳಿದಿತ್ತು. ಎರಡು ಮೀನೂ ಅದಕ್ಕೆ ಮುಖ ಮಾಡಿ, ರೆಕ್ಕೆಯಷ್ಟೇ ಆಡಿಸುತ್ತ, ಮೂಲೆಯಲ್ಲಿ ನಿಂತಿದ್ದವು.