ಮೂರು ಟೋಪಿಗಳ ಎಣಿಕೆ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆಯುವುದು ನನ್ನ ಕೆಲಸವಲ್ಲ. ಔಷಧದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಮ್ಮಿನ ಸಿರಪ್ ಬಾಟಲಿ ಎಣಿಸುವುದು ನನ್ನ ಕೆಲಸ. ಡಿಗ್ರಿ ಮಾಡಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಅರ್ಧ ನಿದ್ದೆಯಲ್ಲಿ. ಕಥೆಯನ್ನು ಹೇಗೆ ಶುರುಮಾಡಬೇಕು ಎಂದು ಮೇಷ್ಟ್ರು ಹೇಳಿಕೊಟ್ಟ ದಿನ ನಾನು ಖಂಡಿತ ಎಚ್ಚರವಾಗಿರಲಿಲ್ಲ. ಹಾಗಾಗಿ ನಿಮ್ಮನ್ನೇ ಕೇಳುತ್ತೇನೆ. ಬಸ್ಸು ಹತ್ತಿದಲ್ಲಿಂದ ಶುರುಮಾಡಲೇ? ಟೋಪಿ ಕೊಂಡಲ್ಲಿಂದಲೇ? ಅಥವಾ ನೇರವಾಗಿ ನನ್ನ ಮಗಳು ಕಾಣದೆ ಹೋದಲ್ಲಿಂದಲೇ?

(ನೋಡಿ, ಹೇಳಿಯೇಬಿಟ್ಟೆ. ಗುಟ್ಟನ್ನು ಕೊನೆಯವರೆಗೆ ಇಟ್ಟುಕೊಳ್ಳುವುದು ಜಾಣ ಕಥೆಗಾರರ ಲಕ್ಷಣವಂತೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೆಂಡತಿಯ ಎದುರು ಮಾತ್ರ ಹದಿಮೂರು ದಿನದಿಂದ ನಿಂತಿದೆ. ಮಗಳು ಸಿಕ್ಕಿದಳು, ನೀವು ಗಾಬರಿಯಾಗಬೇಡಿ. ಗಾಬರಿಗೆ ನಾನೊಬ್ಬ ಸಾಕು.)

೧

'ಬೇಸಿಗೆ ರಜೆಯ ಒಂದು ಸುಂದರ ಮುಂಜಾನೆ ನಾವೆಲ್ಲ ನಗುನಗುತ್ತಾ ಕೆರೆಗೆ ಹೊರಟೆವು.'

ಬೇಡ, ಹೊಡೆದುಹಾಕಿ. ಯಾರೂ ನಗುತ್ತಿರಲಿಲ್ಲ. ಮೂರು ವರ್ಷದ ಗುಂಡ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹಿಡಿದು ಮಂಚದ ಕೆಳಗೆ ಸೇರಿಕೊಂಡಿದ್ದ. ಒಂಬತ್ತು ವರ್ಷದ ದೊಡ್ಡವನು, ತನ್ನಂಥವನು ತಮ್ಮನದೇ ಬಣ್ಣದ ಟೋಪಿ ಹಾಕಿಕೊಳ್ಳುವುದು ಮರ್ಯಾದೆಯ ಪ್ರಶ್ನೆ ಎಂದು ವಾದಿಸುತ್ತಿದ್ದ. ನಡುವಿನವಳಿಗೆ ಆರು ವರ್ಷ. ಗುಂಡ ಅವಳನ್ನು ಪುಟ್ಟಕ್ಕ ಎನ್ನುತ್ತಾನೆ, ಅದನ್ನು ಕೇಳಿ ಕೇಳಿ ನಾವೂ ಹಾಗೇ ಅನ್ನುತ್ತೇವೆ. ಅವಳು ಆಗಲೇ ಚಪ್ಪಲಿ, ಟೋಪಿ, ಎಲ್ಲ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಳು. ತೊಂದರೆ ಕೊಡದ ಮಗು. ತೊಂದರೆ ಕೊಡದ ಮಗುವನ್ನು ಯಾರು ತಿರುಗಿ ನೋಡುತ್ತಾರೆ?

(ಇದು ಕಥೆಗಾರನ ಮಾತಾಯಿತು. ಅಂದು ನನಗೆ ಹೊಳೆದಿರಲಿಲ್ಲ.)

೨

ಟೋಪಿಯ ವಿಷಯ ಹೇಳಲೇಬೇಕು. ಕಾರ್ಖಾನೆಯಲ್ಲಿ ಒಂದು ಪೆಟ್ಟಿಗೆಗೆ ಇಪ್ಪತ್ನಾಲ್ಕು ಬಾಟಲಿ, ನಾಲ್ಕು ಸಾಲು, ಸಾಲಿಗೆ ಆರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೊಂದು ಬಾಟಲಿಯನ್ನೂ ಕತ್ತು ಹಿಡಿದೆತ್ತಿ ನೋಡುತ್ತಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಚೆಕರ್ ನಕ್ಕುಬಿಟ್ಟರು. "ಹೀಗೆ ನೋಡ್ತಾ ಕೂತ್ರೆ ನೀನು ರಿಟೈರ್ ಆಗೋ ಹೊತ್ತಿಗೆ ಒಂದು ಲಾರಿ ತುಂಬುತ್ತೆ. ಮುಚ್ಚಳ ಎಣಿಸು ಸಾಕು. ಮುಚ್ಚಳ ಇದ್ದ ಮೇಲೆ ಕೆಳಗೆ ಬಾಟಲಿ ಇದ್ದೇ ಇರುತ್ತೆ."

ಹದಿನೇಳು ವರ್ಷದಲ್ಲಿ ಆ ಮಾತು ಒಮ್ಮೆಯೂ ಸುಳ್ಳಾಗಿಲ್ಲ.

ಆದ್ದರಿಂದ ಕೆರೆಗೆ ಹೋಗುವ ಹಿಂದಿನ ವಾರ ನಾನು ಮೂರು ಹಳದಿ ಟೋಪಿ ಕೊಂಡುತಂದೆ. ದೂರದಿಂದಲೂ ಕಣ್ಣಿಗೆ ಹೊಡೆಯುವಂಥ ಹಳದಿ. ಜನ ಎಷ್ಟೇ ಇರಲಿ, ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ಒಂದು, ಎರಡು, ಮೂರು ಅಂದರೆ ಆಯಿತು. ಮನೆಯಲ್ಲಿ ಎಲ್ಲರಿಗೂ ಈ ಪದ್ಧತಿಯನ್ನು ವಿವರಿಸಿದೆ. ಹೆಂಡತಿ, "ಮಕ್ಕಳನ್ನೂ ಪೆಟ್ಟಿಗೇಲಿ ಜೋಡಿಸಿ ಲಾರಿಗೆ ಹಾಕಿಬಿಡಿ" ಎಂದಳು. ದೊಡ್ಡವನು ಕಿವಿಗೊಡಲಿಲ್ಲ. ಪುಟ್ಟಕ್ಕ ಮಾತ್ರ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, ಒಂದು ಕಮ್ಮಿ ಬಂದರೆ ಏನು ಮಾಡುತ್ತೀಯ ಎಂದು ಕೇಳಿದಳು. ಅಪ್ಪನಿಗೆ ಜೀವವೇ ಹೋದ ಹಾಗಾಗುತ್ತೆ ಎಂದೆ.

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

೩

(ಹರಿದುಹಾಕಿದೆ. ಅದರಲ್ಲಿ ಕೆರೆಯ ವರ್ಣನೆ ಇತ್ತು. ನೀರನ್ನು ಕನ್ನಡಿಗೆ ಹೋಲಿಸಿದ್ದೆ. ನೀರು ಕಂದು ಬಣ್ಣಕ್ಕಿತ್ತು, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಸಂಕಟವೇ ಅದು.)

೪

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಹದಿನೈದು ದಿನದಿಂದ ನೈಟ್ ಡ್ಯೂಟಿ ಮಾಡುತ್ತಿದ್ದಳು. ದಂಡೆಯ ಮರದ ಕೆಳಗೆ ಚಾಪೆ ಹಾಸಿ, ಬ್ರೆಡ್ಡು ಮೊಟ್ಟೆ ಹಂಚಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಎಳೆಯುತ್ತಿತ್ತು. "ನೀನು ಮಲಕ್ಕೋ, ನಾನು ನೋಡ್ಕೋತೀನಿ" ಎಂದೆ.

ಈ ವಾಕ್ಯವನ್ನು ಏಳು ಸಲ ಬದಲಿಸಿ ನೋಡಿದ್ದೇನೆ. ಒಂದು ಪ್ರತಿಯಲ್ಲಿ ಅವಳನ್ನು ಮಲಗಿಸಲೇ ಇಲ್ಲ. ಕಾಫಿ ಕುಡಿಸಿ ಕೂರಿಸಿದೆ. ಆಗ ಕಥೆಯೊಳಗಿನ ಹೆಂಡತಿ ನನ್ನ ಕಡೆ ತಿರುಗಿದಳು.

"ರೀ, ನಿಮ್ಮ ತಪ್ಪು ಮುಚ್ಚೋಕೆ ನನ್ನ ನಿದ್ದೆ ಯಾಕೆ ಕೆಡಿಸ್ತೀರ? ಕಥೇಲಾದ್ರೂ ಇಪ್ಪತ್ತು ನಿಮಿಷ ಮಲಗೋಕೆ ಬಿಡಿ."

ಬಿಟ್ಟೆ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದಳು.

೫

ಮಕ್ಕಳು ಆಡುವ ಜಾಗಕ್ಕೆ ನೀರಿನಲ್ಲಿ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ನೀರು ಪುಟ್ಟಕ್ಕನ ಮೊಣಕಾಲಿನವರೆಗೆ, ಅಷ್ಟೇ. ಎತ್ತರದ ಕುರ್ಚಿಯ ಮೇಲೆ ಸೀಟಿ ಕಟ್ಟಿಕೊಂಡ ಕಾವಲುಗಾರ. ನಾನು ಚಾಪೆಯ ತುದಿಯಲ್ಲಿ ಕೂತು ಎಣಿಸಿದೆ. ಮೂರು. ಎರಡು ನಿಮಿಷ ಬಿಟ್ಟು ಮತ್ತೆ ಮೂರು. ನಡುವೆ ಗುಂಡ ಮರಳು ತಿಂದ, ಅವನ ಬಾಯಿ ತೊಳೆಸಿ ಬಂದು ಎಣಿಸಿದೆ. ಮೂರು. ಒಟ್ಟು ಒಂಬತ್ತು ಸಲ ಎಣಿಸಿದೆ. ಇಷ್ಟು ನಿಗಾ ಇಡುವ ಅಪ್ಪ ಆ ದಂಡೆಯ ಮೇಲೆ ಇನ್ನೊಬ್ಬ ಇರಲಿಲ್ಲ ಎಂದು ಒಳಗೊಳಗೇ ಬೀಗಿದೆ.

ಒಂಬತ್ತನೆಯ ಸಲ ನಡುವಿನ ಟೋಪಿ ನನ್ನ ಕಡೆ ತಿರುಗಿತು. ಅದರ ಕೆಳಗಿದ್ದ ಮುಖ ನನ್ನ ಮಗಳದ್ದಲ್ಲ.

ಅದೇ ಎತ್ತರದ ಇನ್ನೊಂದು ಹುಡುಗಿ, ಮುಂದಿನ ಹಲ್ಲು ಬಿದ್ದಿದೆ. ನೀನು ಯಾರಮ್ಮ ಎಂದು ಕೇಳಿದಾಗ ಅವಳು ಕತ್ತನ್ನೂ ಅಲ್ಲಾಡಿಸದೆ ಹೇಳಿದಳು: "ಅಲ್ಲಾಡಬೇಡ ಅಂದಿದಾಳೆ ಅಂಕಲ್. ಅವರಪ್ಪ ಎಣಿಸ್ತಾರಂತೆ."

(ಮಗಳು ಅಪ್ಪನಿಗೇ ಟೋಪಿ ಹಾಕಿದಳು ಎಂದು ನೀವು ನಗಬಹುದು. ನಗಿ. ನಾನೂ ಒಂದು ದಿನ ನಗಬೇಕೆಂದಿದ್ದೇನೆ.)

೬

'ಎದೆ ಧಸಕ್ಕೆಂದಿತು. ನಾನು ಮಗಳ ಹೆಸರು ಕೂಗುತ್ತಾ ನೀರಿನ ಕಡೆ ಓಡಿದೆ. ಕಾವಲುಗಾರ ಸೀಟಿ ಊದಿದ. ದಂಡೆಯ ಜನವೆಲ್ಲ ಎದ್ದು ನಿಂತರು.'

ಚೆನ್ನಾಗಿದೆ, ಅಲ್ಲವೇ? ಒಂದು ವಾರ ಇದನ್ನು ಹೀಗೇ ಉಳಿಸಿಕೊಂಡಿದ್ದೆ. ಒಂದು ದಿನ ಕಾವಲುಗಾರನೇ ಕುರ್ಚಿಯಿಂದ ಇಳಿದುಬಂದು ನನ್ನ ಪುಟದ ಮೇಲೆ ನಿಂತ. "ಸಾರ್, ನಾನು ಅವತ್ತು ಸೀಟಿ ಊದಲೇ ಇಲ್ಲ. ನೀವು ನನ್ನ ಹತ್ರ ಬಂದೇ ಇಲ್ಲ. ನಾಳೆ ಯಾರಾದ್ರೂ ನನ್ನ ಕೇಳಿದ್ರೆ?"

ಅವನು ಹೇಳಿದ್ದು ನಿಜ. ಎದೆ ಧಸಕ್ಕೆಂದಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಉಳಿದದ್ದು ಹೀಗೆ: ನಾನು ಕೂಗಲಿಲ್ಲ. ಕೂಗಿದರೆ ಹೆಂಡತಿ ಏಳುತ್ತಿದ್ದಳು. ಎದ್ದರೆ ಗೊತ್ತಾಗುತ್ತಿತ್ತು. ಗುಂಡನನ್ನು ಅಣ್ಣನ ಕೈಗೆ ಕೊಟ್ಟು ನಡೆದೆ. ಓಡಲಿಲ್ಲ, ನಡೆದೆ. ಏನೋ ಮರೆತು ಬಂದವನ ಹಾಗೆ, ಮುಖವನ್ನು ಸರಿಯಾಗಿಟ್ಟುಕೊಂಡು, ದಂಡೆಯ ಈ ತುದಿಯಿಂದ ಆ ತುದಿಗೆ ನಡೆದೆ. ಹಗ್ಗದ ಆಚೆಯ ನೀರನ್ನು ಓರೆಗಣ್ಣಿನಲ್ಲಿ ನೋಡಿದೆ. ಮಗಳು ನೀರಿನಲ್ಲಿರಬಹುದು ಎಂದುಕೊಂಡೇ, ಹೆಂಡತಿಯ ನಿದ್ದೆ ಕೆಡದ ಹಾಗೆ ಹುಡುಕಿದೆ.

ಮರ್ಯಾದಸ್ಥ ಓದುಗರು ಇಲ್ಲಿಗೇ ಪುಸ್ತಕ ಮುಚ್ಚಿಟ್ಟರೆ ನನ್ನ ತಕರಾರಿಲ್ಲ.

೭

ಬಟ್ಟೆ ಬದಲಿಸುವ ಶೆಡ್ಡುಗಳ ಹಿಂದಿನಿಂದ ಅವಳು ತಾನಾಗಿ ಬಂದಳು. ತಲೆಯ ಮೇಲೆ ಟೋಪಿಯಿಲ್ಲ, ಜಡೆಯಿಂದ ನೀರು ತೊಟ್ಟಿಕ್ಕುತ್ತಿದೆ. ನನ್ನನ್ನು ಕಂಡವಳೇ ಕೇಳಿದಳು:

"ಮೂರು ಬಂತಲ್ಲ ಅಪ್ಪ?"

ಅವಳೇ ಸಮಾಧಾನ ಹೇಳಿದಳು. "ಕಮ್ಮಿ ಬಂದ್ರೆ ನೀನು ಹೆದರ್ತೀಯ ಅಂತ ಅವಳಿಗೆ ಹಾಕಿ ಹೋದೆ."

ಎಲ್ಲಿಗೆ ಹೋಗಿದ್ದೆ ಎಂದರೆ, ಇಲ್ಲೇ ಎಂದಳು. ಮರುದಿನ ಕೇಳಿದಾಗ ನಲ್ಲಿ ಹತ್ತಿರ ಎಂದಳು. ಮೂರನೆಯ ದಿನ ಮೀನು ನೋಡೋಕೆ. ಆಮೇಲೆ, ಮರೆತುಹೋಯಿತು ಎಂದಳು. ಆರು ವರ್ಷದವಳಿಗೆ ಮರೆಯುವ ಹಕ್ಕಿದೆ. ಹಾಗಾಗಿ ಆ ಹೊತ್ತನ್ನು ನಾನೇ ಬರೆದು ತುಂಬಲು ಹೊರಟೆ. ಈ ಕಥೆ ಹುಟ್ಟಿದ್ದೇ ಅದಕ್ಕೆ.

ಅ) ಅವಳು ನಲ್ಲಿಗೆ ಹೋದಳು. ಮುಖ ತೊಳೆಯುವಾಗ ಜಡೆ ನೆನೆಯಿತು. (ಇಷ್ಟು ಬರೆಯುವಷ್ಟರಲ್ಲಿ ಪುಟದೊಳಗಿನ ಪುಟ್ಟಕ್ಕ ತಲೆಯೆತ್ತಿ, "ಆ ನಲ್ಲೀಲಿ ನೀರೇ ಬರ್ತಿರಲಿಲ್ಲವಲ್ಲ ಅಪ್ಪ" ಎಂದಳು. ಹೌದು, ಬೆಳಿಗ್ಗೆ ಬಾಟಲಿ ಹಿಡಿದು ಅದರ ಮುಂದೆ ನಿಂತು ವಾಪಸು ಬಂದವನು ನಾನೇ.)

ಆ) ದೋಣಿ ಕಟ್ಟುವ ಹಲಗೆಯ ಮೇಲೆ ಬೋರಲು ಮಲಗಿ ಮೀನು ನೋಡಿದಳು. ಜಡೆ ಜಾರಿ ನೀರಿಗೆ ಬಿತ್ತು. ಜಡೆ ಮಾತ್ರ. (ಆ ಹಲಗೆ ಹಗ್ಗದಿಂದ ಆಚೆಗಿದೆ. ಅಲ್ಲಿ ನೀರು ಎಷ್ಟು ಆಳ ಎಂದು ನಾನು ಯಾರನ್ನೂ ಕೇಳಿಲ್ಲ.)

ಇ) ಇದನ್ನು ಬರೆಯುವುದಿಲ್ಲ. ಜಾಗ ಬಿಟ್ಟಿದ್ದೇನೆ.

ಅವಳ ಫ್ರಾಕು ಒದ್ದೆಯಾಗಿತ್ತೇ ಎಂದು ನೀವು ಕೇಳುತ್ತೀರಿ. ನಾನು ನೋಡಲಿಲ್ಲ. ಟೋಪಿ ವಾಪಸು ತಂದು ಅವಳ ತಲೆಗೆ ಹಾಕುವ ಅವಸರದಲ್ಲಿದ್ದೆ.

೮

ಹೆಂಡತಿ ಎದ್ದು ಮೈ ಮುರಿದಾಗ ಚಾಪೆಯ ಮುಂದೆ ಮೂರು ಹಳದಿ ಟೋಪಿಗಳಿದ್ದವು. ಎಲ್ಲ ಸರಿ ಇದ್ದಾರಾ ಎಂದಳು. ಮೂರೂ ಇವೆ ಎಂದೆ. ಕಥೆ ಇಲ್ಲಿಗೆ ಮುಗಿಯಬಹುದಿತ್ತು.

ಆದರೆ ನಿನ್ನೆ ಅವಳು ಬಟ್ಟೆ ಮಡಚುತ್ತಾ, ಭಾನುವಾರ ಮತ್ತೆ ಕೆರೆಗೆ ಹೋಗೋಣ ಎಂದಳು. "ಎಷ್ಟೋ ದಿನದ ಮೇಲೆ ಅವತ್ತು ನಿದ್ದೆ ಬಂತು. ನೀವಿದ್ರೆ ಧೈರ್ಯ ಕಣ್ರೀ."

ನಾನು ಇಲ್ಲಿಯವರೆಗೆ ಬರೆದ ಪುಟಗಳನ್ನು ಅವಳ ಕೈಗೆ ಕೊಟ್ಟೆ. ಹೇಳುವ ಧೈರ್ಯವಿಲ್ಲದವನು ಬರೆದು ಕೊಡುತ್ತಾನೆ. ಅವಳು ಒಲೆಯ ಪಕ್ಕ ನಿಂತೇ ಓದಿದಳು. ಹಾಲು ಉಕ್ಕಿತು. ಒಲೆ ಆರಿಸಿದ್ದು ನಾನು.

ಓದಿ ಮುಗಿಸಿ ಅವಳು ಹೇಳಿದಳು: "ಬಸ್ಸಲ್ಲಿ ಆ ಜಡೆ ಬಿಚ್ಚಿ ಒರೆಸಿದ್ದು ನಾನು."

"ಮತ್ತೆ ಯಾಕೆ ಕೇಳಲಿಲ್ಲ?"

"ಮಲಗಿದ್ದವಳು ಏನಂತ ಕೇಳ್ಲಿ?"

ಆಮೇಲೆ ಪುಟಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. "ನೀವು ಕೂಗಬೇಕಿತ್ತು" ಎಂದಳು. ಅಷ್ಟೇ.

ಇಲ್ಲೊಂದು ಮುಕ್ತಾಯ ಬೇಕಲ್ಲ. ಅವಳು ಕ್ಷಮಿಸಿದಳು ಎಂದು ಬರೆದೆ, ಸುಳ್ಳು ಎನ್ನಿಸಿತು. ಕ್ಷಮಿಸಲಿಲ್ಲ ಎಂದು ಬರೆದೆ, ಅದೂ ಗೊತ್ತಿಲ್ಲದ ಮಾತು. ಫ್ರಾಕು ಒದ್ದೆಯಾಗಿತ್ತೇ ಎಂದು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಹಾಗೆ, ಟೋಪಿಗಳನ್ನು ಬೀರುವಿನ ಮೇಲೆ ಎಸೆದೆ.

೯

ಭಾನುವಾರ ಬಂತು. ಹೊರಟೆವು. ಹೆಂಡತಿ ಚಾಪೆ ತರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾನು ಮುಖಗಳನ್ನು ಎಣಿಸಿದೆ. ದೊಡ್ಡವನು ಮುಖ ತಿರುಗಿಸಿಕೊಂಡ, ಗುಂಡ ನಾಲಿಗೆ ಚಾಚಿದ. ಪುಟ್ಟಕ್ಕ ನಾನು ತಿರುಗಿದಾಗಲೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮುಖವನ್ನು ಎತ್ತಿ ಹಿಡಿಯುತ್ತಿದ್ದಳು. ಎಣಿಸಲು ನನಗೆ ಸುಲಭವಾಗಲಿ ಎಂದು. ನಾನು ನೋಡಿ ಮುಗಿಸುವವರೆಗೂ ಅವಳು ಅಲ್ಲಾಡುತ್ತಿರಲಿಲ್ಲ.

ಬಸ್ಸು ಇನ್ನೂ ಬಂದಿಲ್ಲ. ಬಂದಿತು ಎಂದು ನಾನು ಬರೆಯುವುದೂ ಇಲ್ಲ. ನನಗೆ ಗೊತ್ತಿರುವುದು ಇಷ್ಟು: ಅಂದು ನಾನು ಒಂಬತ್ತು ಸಲ ಎಣಿಸಿದೆ, ಒಂಬತ್ತು ಸಲವೂ ಮೂರೇ ಬಂತು. ಅದರಲ್ಲಿ ಎಷ್ಟು ಸಲ ನನ್ನ ಮಗಳು ಅಲ್ಲಿರಲಿಲ್ಲ ಎಂಬುದು ನನಗೆ ಗೊತ್ತಿಲ್ಲ.