ಬೆಂಕಿಪೊಟ್ಟಣಕ್ಕೂ ಒಂಟಿಸಲಗಕ್ಕೂ ನಿಷೇಧ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾನೆ. ಇರಲಿ ಬಿಡಿ, ಮೂಗೂ ನನ್ನದು, ಕೋಪವೂ ನನ್ನದು. ಆದರೆ ನನ್ನ ಕೆಲಸ ಏನೆಂದು ಕೇಳಿ, ‘ಓ, ದಿನವಿಡೀ ಕೂತು ಗೇಮ್ ಆಡೋದಾ?’ ಎನ್ನುವವರನ್ನು ಕಂಡಾಗ ಅದು ಮೂಗು ಬಿಟ್ಟು ನೆತ್ತಿಗೇರುತ್ತದೆ. ಸ್ವಾಮೀ, ನಾನು ಆಡುವುದಿಲ್ಲ. ಸಾವಿರಾರು ಜನ ಒಂದೇ ಕಾಡಿನಲ್ಲಿ ಕೋಟೆ ಕಟ್ಟಿಕೊಂಡು ತೋಳಗಳ ಜೊತೆ ಯುದ್ಧ ಮಾಡುವ ಒಂದು ಆನ್‌ಲೈನ್ ಆಟವಿದೆ. ಆ ಕಾಡು ಯಾವ ಯಂತ್ರಗಳ ಒಳಗಿದೆಯೋ ಆ ಸರ್ವರ್‌ಗಳನ್ನು ನೋಡಿಕೊಳ್ಳುವವಳು ನಾನು. ಡಿಸ್ಕ್ ತುಂಬಿದರೆ ಖಾಲಿ ಮಾಡಬೇಕು, ಯಂತ್ರ ಬಿಸಿಯಾದರೆ ತಣಿಸಬೇಕು, ವಾರಕ್ಕೊಮ್ಮೆ ಎಲ್ಲವನ್ನೂ ನಿಲ್ಲಿಸಿ, ಕಸ ಗುಡಿಸಿ, ಮತ್ತೆ ಶುರು ಮಾಡಬೇಕು. ಮದುವೆಮನೆಯಲ್ಲಿ ನೀರಿನ ಟ್ಯಾಂಕ್ ನೋಡಿಕೊಳ್ಳುವವನಿದ್ದಾನಲ್ಲ, ಹಾಗೆ. ನೀರು ಬರುತ್ತಿರುವವರೆಗೆ ಅವನ ನೆನಪು ಯಾರಿಗೂ ಇಲ್ಲ. ನಿಂತಿತೋ, ಅವನನ್ನು ಹೆತ್ತವರವರೆಗೆ ಎಲ್ಲರನ್ನೂ ನೆನೆಸಿಕೊಳ್ಳುತ್ತಾರೆ.

ಇದು ಆಫೀಸಿನ ಮಾತಾಯಿತು. ಮನೆಯಲ್ಲಿ ನನಗೆ ಇನ್ನೊಂದು ಕೆಲಸವಿತ್ತು, ಅಂಚೆಯವಳದು.

ನನ್ನ ಅತ್ತೆ ಮಾವ ಮಾತು ಬಿಟ್ಟು ಆರೇಳು ತಿಂಗಳಾಗಿತ್ತು. ಕಾರಣ ಬಣ್ಣ. ಅತ್ತೆ ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ, ಹೆಂಡತಿಗೆ ಖುಷಿಯಾಗಲಿ ಎಂದು ಮಾವ ತಾವೇ ಏಣಿ ಹತ್ತಿ ಅಡುಗೆಮನೆಗೆ ಹಸಿರು ಬಣ್ಣ ಬಳಿದಿದ್ದರು. ಅವರು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ಹಸಿರು ಎಂದರೆ ಎಲ್ಲ ಸರಿಯಾಗಿದೆ, ಮುಂದೆ ಹೋಗಬಹುದು ಎಂದು ಜೀವಮಾನವಿಡೀ ನಂಬಿದವರು. ಅತ್ತೆ ಚೀಲವನ್ನೂ ಕೆಳಗಿಡದೆ ಗೋಡೆ ನೋಡಿ, ‘ಇದೇನ್ರೀ ಇದು, ಕಪ್ಪೆ ಹೊಟ್ಟೆ ಥರ!’ ಅಂದರು. ಮಾವ ಕುಂಚ ಹಿಡಿದುಕೊಂಡೇ, ‘ನನ್ನ ಆಯ್ಕೆ ಸರಿಯಿಲ್ಲ ಅಂದ್ರೆ, ನಿನ್ನನ್ನ ಆರಿಸಿದ್ದೂ ತಪ್ಪೇ ಇರ್ಬೇಕು’ ಅಂದುಬಿಟ್ಟರು. ಮುಗಿಯಿತು. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ.

‘ಹೇಳಮ್ಮ ಅವರಿಗೆ, ಊಟ ಆರ್ತಾ ಇದೆ ಅಂತ.’

‘ಹೇಳಮ್ಮ ಅವಳಿಗೆ, ನನಗೂ ಕಣ್ಣಿದೆ ಅಂತ.’

ಒಂದೇ ಮೇಜು, ಎದುರುಬದುರು ಕುರ್ಚಿ, ನಡುವೆ ನಾನು. ಗಂಡನಿಗೆ ಹೇಳಿ ಪ್ರಯೋಜನವಿಲ್ಲ. ಅವನು ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿರುವ ದಿನವೂ ‘ನನ್ನನ್ನ ಇದಕ್ಕೆ ಎಳೀಬೇಡ ತಾಯಿ’ ಎಂದು ಕೈಮುಗಿದು ಮುಸುಕು ಹಾಕಿಕೊಳ್ಳುತ್ತಾನೆ. ಇಬ್ಬರಿಗೂ ಹೊತ್ತು ಹೋಗಲಿ ಎಂದು ನಾನು ಆಫೀಸಿನ ಎರಡು ಹಳೆಯ ಟ್ಯಾಬ್ ತಂದುಕೊಟ್ಟಿದ್ದೆ. ಅತ್ತೆ ತಮ್ಮ ಕೋಣೆಯಲ್ಲಿ ಹೊಲಿಗೆಯ ವಿಡಿಯೋ ನೋಡುತ್ತಾರೆ, ಮಾವ ಹಾಲ್‌ನಲ್ಲಿ ಸುದ್ದಿ ಓದುತ್ತಾರೆ ಎಂದುಕೊಂಡಿದ್ದೆ. ಮಾತಿಲ್ಲದಿದ್ದರೂ ಇಬ್ಬರ ಮುಖದಲ್ಲೂ ಕಳೆಯಿತ್ತು. ಅತ್ತೆ ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದರು. ನಾನೂ ಹೆಚ್ಚು ಕೆದಕಲಿಲ್ಲ.

ಇತ್ತ ಆಟದಲ್ಲಿ ಮೋಸಗಾರರ ಕಾಟ ಹೆಚ್ಚಿತ್ತು. ಒಬ್ಬನೇ ಮನುಷ್ಯ ಎರಡು ಖಾತೆ ತೆರೆಯುವುದು, ಒಂದರಲ್ಲಿ ದುಡಿದು ಎಲ್ಲವನ್ನೂ ಇನ್ನೊಂದಕ್ಕೆ ಸಾಗಿಸುವುದು. ಇದಕ್ಕೆ ಆಫೀಸಿನಲ್ಲಿ ನಾವು ‘ಜೋಡಿವೇಷ’ ಅನ್ನುತ್ತೇವೆ. ಇಂಥವರನ್ನು ಹಿಡಿಯಲು ನಾನೊಂದು ಪ್ರೋಗ್ರಾಂ ಬರೆದೆ. ಎರಡು ಖಾತೆಗಳು ಒಂದೇ ಮನೆಯ ಇಂಟರ್ನೆಟ್‌ನಿಂದ ಬರುತ್ತವೆ. ಒಂದು ಇನ್ನೊಂದಕ್ಕೆ ದಿನಾ ಕಟ್ಟಿಗೆ, ಕಾಳು ಉಡುಗೊರೆ ಕೊಡುತ್ತದೆ. ಮೂರನೆಯವರ ಜೊತೆ ಎರಡೂ ಮಾತಾಡುವುದಿಲ್ಲ. ಎರಡೂ ಒಂದೇ ಹೊತ್ತಿಗೆ ಊಟಕ್ಕೆ ಏಳುತ್ತವೆ. ಹಾಗಿದ್ದರೆ ಅವು ಇಬ್ಬರಲ್ಲ, ಒಬ್ಬರೇ. ಕೂಡಲೇ ನಿಷೇಧ. ವಾರದ ಕಸ ಗುಡಿಸುವ ಹೊತ್ತಿಗೆ ಖಾತೆ, ಕೋಟೆ ಎಲ್ಲ ನೆಲಸಮ. ಪ್ರೋಗ್ರಾಂ ಓಡಿಸಿದ ಮೊದಲ ದಿನವೇ ಒಂದು ಬುಟ್ಟಿ ಕಳ್ಳರು ಸಿಕ್ಕಿಬಿದ್ದರು. ನಮ್ಮ ಮ್ಯಾನೇಜರ್, ಎಲ್ಲರೂ ಹೆಡ್‌ಮಾಸ್ಟರ್ ಎಂದು ಕರೆಯುವ ಮನುಷ್ಯ, ಯಾರನ್ನೂ ಹೊಗಳದವರು, ‘ಪರವಾಗಿಲ್ಲ’ ಅಂದರು. ನಾನು ಬೀಗುತ್ತಾ ಮನೆಗೆ ಬಂದೆ.

ಮನೆಯಲ್ಲಿ ಸೂತಕದ ಕಳೆ. ಅತ್ತೆಯ ಗುನುಗು ನಿಂತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿದಿದ್ದರೂ ಅವರು ಕಿಟಕಿ ನೋಡುತ್ತಾ ನಿಂತಿದ್ದರು. ಮಾವ ಟ್ಯಾಬ್ ತಿರುಗಿಸಿ, ಅಲುಗಿಸಿ, ಅದರ ಬೆನ್ನಿಗೆ ಎರಡು ತಟ್ಟಿ ಪಕ್ಕಕ್ಕಿಟ್ಟರು. ಅಂಚೆ ಕೂಡ ಬಂದ್. ‘ಹೇಳಮ್ಮ ಅವರಿಗೆ’ ಇಲ್ಲ, ‘ಹೇಳಮ್ಮ ಅವಳಿಗೆ’ ಇಲ್ಲ. ಏನಾಯಿತೆಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ, ‘ಏನಿಲ್ಲ.’

ಆಫೀಸಿನಲ್ಲಿ ನಿಷೇಧಗೊಂಡವರ ಗೋಳು ಬಂದು ಬೀಳುತ್ತಿತ್ತು. ಅದನ್ನು ಓದಿ ಉತ್ತರಿಸುವುದೂ ನನ್ನ ಹಣೆಬರಹವೇ. ಒಬ್ಬ ತನಗೆ ಅವಳಿ ತಮ್ಮನಿದ್ದಾನೆ ಎಂದ. ಇನ್ನೊಬ್ಬ, ಎರಡನೇ ಖಾತೆ ತನ್ನ ಬೆಕ್ಕಿನದು ಎಂದ. ‘ಒಂಟಿಸಲಗ’ ಎಂಬ ಹೆಸರಿನವರು ಹೀಗೆ ಬರೆದಿದ್ದರು: ‘ನಾನು ಮರ್ಯಾದಸ್ಥ. ನಾನೂ ಬೆಂಕಿಪೊಟ್ಟಣವೂ ಒಬ್ಬರೇ ಎಂದವರು ಒಂದು ದಿನ ಅದರ ಜೊತೆ ಏಗಿ ನೋಡಲಿ, ಆಮೇಲೆ ಮಾತಾಡಲಿ.’ ಅದರ ಕೆಳಗೇ ಬೆಂಕಿಪೊಟ್ಟಣದ ಅರ್ಜಿ: ‘ಹೋಗಿ ಹೋಗಿ ನಾನು ಆ ಸಲಗ ಆಗಬೇಕಾ? ನನಗೆ ಬುದ್ಧಿ ಇದೆ. ಬೇಗ ಬಾಗಿಲು ತೆಗೆಯಿರಿ. ಮಧ್ಯಾಹ್ನದೊಳಗೆ ತೆಗೆದರೆ ಒಳ್ಳೆಯದು, ಮಾತ್ರೆಯ ಹೊತ್ತು.’

ಮಾತ್ರೆಯಂತೆ! ಇವರಿಗೆ ಬೇರೆ ಮಾತ್ರೆಯೇ ಬೇಕು ಎಂದು ನಕ್ಕು, ‘ನಿಮ್ಮ ಮನವಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಸಿದ್ಧ ಉತ್ತರ ಒತ್ತಿಬಿಟ್ಟೆ. ಎರಡಕ್ಕೂ.

ಅದಾದ ಮೂರು ದಿನಕ್ಕೆ, ಸಂಜೆ ಮನೆಗೆ ಬಂದರೆ ಮಾವ ಹೊರಗಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ಕೂತಿದ್ದರು. ತಲೆ ಸುತ್ತಿ ಬಿದ್ದವರನ್ನು ಕೆಳಗಿನ ಅಂಗಡಿಯ ಟೈಲರ್ ಹಿಡಿದು ಕೂರಿಸಿದ್ದ. ಡಾಕ್ಟರಿಗೆ ಫೋನ್ ಮಾಡಿದೆ. ಡಾಕ್ಟರು ಬಂದು ಬಿಪಿ ನೋಡಿ, ‘ಮಾತ್ರೆ ಬಿಟ್ಟಿದ್ದೀರಾ? ಹೀಗೇ ಬಿಟ್ರೆ ಮುಂದಿನ ಸಲ ಮೆಟ್ಟಿಲಲ್ಲ, ಆಸ್ಪತ್ರೆ’ ಎಂದು ಗದರಿ ಹೋದರು. ಅತ್ತೆ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದರು. ಗಂಡನ ಕಡೆ ನೋಡದೆ ನನ್ನ ಕಡೆ ತಿರುಗಿದರು.

‘ಕೇಳಮ್ಮ ಅವರನ್ನ, ಮಧ್ಯಾಹ್ನದ ಮಾತ್ರೆ ಯಾಕೆ ತಗೊಂಡಿಲ್ಲ ಅಂತ.’

ಮಧ್ಯಾಹ್ನದ ಮಾತ್ರೆ. ನನ್ನ ಕಿವಿ ನೆಟ್ಟಗಾಯಿತು. ಲ್ಯಾಪ್‌ಟಾಪ್ ತೆರೆದು, ಬೆಂಕಿಪೊಟ್ಟಣ ಯಾವ ಮನೆಯ ಇಂಟರ್ನೆಟ್‌ನಿಂದ ಬರುತ್ತದೆ ಎಂದು ನೋಡಿದೆ. ಆ ಇಂಟರ್ನೆಟ್ ನಂಬರು ನನಗೆ ನನ್ನ ಫೋನ್ ನಂಬರಿನಷ್ಟೇ ಬಾಯಿಪಾಠ. ಮನೆಯಿಂದ ಆಫೀಸಿಗೆ ಸಂಪರ್ಕ ಬೇಕೆಂದು ನಾನೇ ಜಗಳವಾಡಿ ಹಾಕಿಸಿಕೊಂಡ ನಂಬರದು. ಅಯ್ಯೋ ನನ್ನ ಬುದ್ಧಿಗಿಷ್ಟು! ನಾನು ಹಿಡಿದ ಕಳ್ಳರು ನನ್ನ ಅತ್ತೆ ಮಾವ! ಆಫೀಸಿನ ಟ್ಯಾಬ್‌ಗಳಲ್ಲಿ ನಮ್ಮ ಆಟ ಮೊದಲೇ ಇದ್ದದ್ದು ನನಗೆ ನೆನಪೇ ಇರಲಿಲ್ಲ.

ಮೊದಲು ಅತ್ತೆಯ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ‘ಅತ್ತೆ, ಬೆಂಕಿಪೊಟ್ಟಣ ನೀವೇನಾ?’

ಅತ್ತೆ ತುಸು ಹೊತ್ತು ದಿಂಬಿನ ಹೊದಿಕೆ ಸರಿಮಾಡಿದರು. ‘ಹೂಂ. ಅದಕ್ಕೀಗ?’

‘ಒಂಟಿಸಲಗ ಯಾರು ಅಂತ ಗೊತ್ತಾ ನಿಮಗೆ?’

‘ಗೊತ್ತಿಲ್ದೆ ಏನು? ನಿಮ್ಮ ಮಾವ ಒಂದೊಂದು ಅಕ್ಷರಾನೂ ಬಾಯಲ್ಲಿ ಜೋರಾಗಿ ಹೇಳಿಕೊಂಡೇ ಟೈಪ್ ಮಾಡ್ತಾರೆ. ಹಾಲ್‌ನಿಂದ ಮೊದಲು ದನಿ ಬರುತ್ತೆ, ಆಮೇಲೆ ನನ್ನ ಟ್ಯಾಬಿಗೆ ಅದೇ ಮಾತು ಬರುತ್ತೆ. ನಾನೇನು ಕಿವುಡಿಯಾ?’ ನನ್ನ ಕೈ ಹಿಡಿದುಕೊಂಡರು. ‘ನನಗೆ ಗೊತ್ತು ಅಂತ ಮಾತ್ರ ಅವರಿಗೆ ಹೇಳ್ಬೇಡ. ಯಾರೋ ಪರಿಚಯ ಇಲ್ಲದವರು ಅಂದ್ಕೊಂಡು ಎಷ್ಟು ಚೆನ್ನಾಗಿ ಮಾತಾಡ್ತಾರೆ ಗೊತ್ತಾ! ಮಾತ್ರೆ ತಗೊಳ್ಳಿ ಅಂದ್ರೆ ತಗೊಳ್ತಾರೆ. ಮನೇಲಿ ಹೇಳಿದ್ರೆ ಕೇಳ್ತಾರಾ?’

ಆಮೇಲೆ ಮಾವನ ಬಳಿ ಹೋಗಿ, ಬೆಂಕಿಪೊಟ್ಟಣ ಯಾರೆಂದು ಗೊತ್ತಾ ಎಂದು ಕೇಳಿದೆ. ಅವರು ಮಂಚದಲ್ಲಿ ಮಲಗಿದ್ದವರು ಗೋಡೆಗೆ ಮುಖ ತಿರುಗಿಸಿದರು.

‘ಗೊತ್ತಮ್ಮ. ಕಾಡಿನ ನಡುವೆ ತೋಳ ಮೇಲೆ ಬೀಳ್ತಾ ಇರುವಾಗ, ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳೋರು ಈ ಲೋಕದಲ್ಲಿ ಇನ್ಯಾರಿದ್ದಾರೆ? ಅವಳಿಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ನಾಚಿಕೊಂಡು ಅಲ್ಲೂ ಮಾತು ಬಿಡ್ತಾಳೆ. ಈಗ ಅದೂ ಇಲ್ಲ. ಯಾವನೋ ಅಯೋಗ್ಯ ಬಾಗಿಲು ಹಾಕಿದ್ದಾನೆ.’

ಆ ಅಯೋಗ್ಯ ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಹೊರಗೆ ಬಂದು ಒಗೆದ ಬಟ್ಟೆಯ ರಾಶಿಯ ಪಕ್ಕ ಕೂತು ಸ್ವಲ್ಪ ಕಣ್ಣೀರು ಹಾಕಿದೆ. ನಾಚಿಕೆಗೋ ಕೋಪಕ್ಕೋ ಗೊತ್ತಿಲ್ಲ. ಮನೆಯೊಳಗೆ ಇವರಿಬ್ಬರೂ ಮಾತಾಡುತ್ತಿದ್ದ ಒಂದೇ ಒಂದು ಜಾಗಕ್ಕೆ ಬೀಗ ಜಡಿದವಳು ನಾನು. ಮರುದಿನ ಸಂಜೆ ಕಸ ಗುಡಿಸುವ ಸಮಯ. ಅದೂ ಕಳೆದರೆ ಕೋಟೆಯೇ ಇರುವುದಿಲ್ಲ.

ಒಂದು ಗುಂಡಿ ಒತ್ತಿ ನಿಷೇಧ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆಯುವಂತಿಲ್ಲ. ತಮ್ಮ ಮನೆಯ ಇಂಟರ್ನೆಟ್‌ನಿಂದ ಬಂದ ಖಾತೆಯನ್ನು ಆಫೀಸಿನವರು ಮುಟ್ಟಕೂಡದು. ಆ ನಿಯಮ ಬರೆದ ಪುಣ್ಯಾತ್ಗಿತ್ತಿಯೂ ನಾನೇ! ಬೆಳಿಗ್ಗೆ ಹೆಡ್‌ಮಾಸ್ಟರ್ ಎದುರು ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿದರು.

‘ಇಬ್ಬರೂ ಒಟ್ಟಿಗೆ ಕೂತು ವಿಡಿಯೋದಲ್ಲಿ ಬರಲಿ. ನಾನೇ ಪ್ರಶ್ನೆ ಕೇಳ್ತೀನಿ. ಬರೀ ಎರಡು ಮುಖ ತೋರಿಸಿದ್ರೆ ಸಾಲದು. ಅಜ್ಜಿನ ತಂದು ಪಕ್ಕದಲ್ಲಿ ಕೂರಿಸಿದವರನ್ನೂ ನೋಡಿದ್ದೀನಿ.’

ಮನೆಗೆ ಓಡಿದೆ. ಬೇಡಿದೆ, ಕಾಡಿದೆ. ‘ಅವಳು ಮೊದಲು ಬಂದು ಕೂರಲಿ’ ಎಂದು ಮಾವ, ‘ಅವರು ಮೊದಲು ಕೂರಲಿ’ ಎಂದು ಅತ್ತೆ. ಕೊನೆಗೆ ನನ್ನ ಮೂಗಿನ ತುದಿ ಕೆಲಸಕ್ಕೆ ಬಂತು. ‘ನನಗೂ ಅಂಚೆ ಹಂಚಿ ಹಂಚಿ ಸಾಕಾಗಿದೆ! ಇನ್ನು ಈ ಮನೇಲಿ ಯಾರ ಮಾತನ್ನೂ ಯಾರಿಗೂ ತಲುಪಿಸಲ್ಲ. ಬಂದು ಕೂತ್ರೆ ಸರಿ, ಇಲ್ಲಾಂದ್ರೆ ಸಂಜೆಗೆ ನಿಮ್ಮ ಕೋಟೆ ಮಣ್ಣು!’ ಎಂದು ಕೂಗಿದೆ. ಇಬ್ಬರೂ ಬಂದು ಕೂತರು, ಅಡುಗೆಮನೆಯ ಮೇಜಿಗೆ. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟರು. ಹಿಂದೆ ಆ ಹಸಿರು ಗೋಡೆ.

ಹೆಡ್‌ಮಾಸ್ಟರ್ ಪರದೆಯಲ್ಲಿ ಕಾಣಿಸಿಕೊಂಡು, ಇಬ್ಬರ ಆಟದ ದಾಖಲೆ ಎದುರಿಗಿಟ್ಟುಕೊಂಡು ಪ್ರಶ್ನೆ ಶುರು ಮಾಡಿದರು. ಕೋಟೆಯ ಬಾಗಿಲು ಯಾವ ದಿಕ್ಕಿಗೆ? ‘ಹೊಳೆ ಕಡೆಗೆ’, ಇಬ್ಬರದೂ ಒಟ್ಟಿಗೆ. ಕಣಜ ಎಲ್ಲಿದೆ? ‘ಬಾವಿ ಪಕ್ಕ’, ಇಬ್ಬರದೂ ಒಟ್ಟಿಗೆ. ಕುಂಟ ತೋಳವನ್ನು ಯಾಕೆ ಕೊಲ್ಲಲಿಲ್ಲ? ‘ಪಾಪ ಅನ್ನಿಸ್ತು’, ಮತ್ತೆ ಇಬ್ಬರದೂ ಒಟ್ಟಿಗೆ, ಅದೇ ರಾಗದಲ್ಲಿ. ಹೆಡ್‌ಮಾಸ್ಟರ್ ತಲೆಯಾಡಿಸಿದರು. ‘ನೋಡಿ ಮೇಡಂ, ಒಬ್ಬರು ಆಡಿದ್ದಾರೆ, ಇನ್ನೊಬ್ಬರಿಗೆ ಉತ್ತರ ಬಾಯಿಪಾಠ ಮಾಡಿಸಿದ್ದಾರೆ. ಇಬ್ಬರು ಮನುಷ್ಯರು ಇಷ್ಟೊಂದು ಒಂದೇ ಥರ ಇರಲ್ಲ.’

‘ಸರ್, ಇನ್ನೊಂದೇ ಒಂದು ಕೇಳಿ’ ಎಂದು ಬೇಡಿಕೊಂಡೆ.

‘ಸರಿ. ಕೋಟೆಗೆ ಯಾವ ಬಣ್ಣ ಬಳೀಬೇಕು ಅಂತಿದ್ರಿ?’

‘ಹಸಿರು’ ಎಂದರು ಮಾವ.

‘ಸುಣ್ಣ’ ಎಂದರು ಅತ್ತೆ. ಎಂದವರೇ ಖಾಲಿ ಕುರ್ಚಿಯ ಮೇಲಿಂದ ಗಂಡನ ಕಡೆ ಪೂರ್ತಿ ತಿರುಗಿದರು. ‘ಕಾಡಲ್ಲೂ ನಿಮಗೆ ಕಪ್ಪೆ ಹೊಟ್ಟೇನೇ ಬೇಕಾ?’

‘ತೋಳಕ್ಕೆ ಕಾಣಬಾರ್ದು ಅಂತ ಕಣೇ! ಎಲೆ ಹಸಿರು, ಗೋಡೆ ಹಸಿರು!’

‘ತೋಳಕ್ಕೆ ಕಾಣಲ್ಲ, ನನಗೆ ಕಾಣುತ್ತಲ್ಲ! ಬೇಡ ಬೇಡ ಅಂತ ಎಷ್ಟು ಸಲ ಬರೆದೆ?’

‘ಬೆಂಕಿಪೊಟ್ಟಣ ಅಂತ ಸರಿಯಾಗೇ ಹೆಸರಿಟ್ಕೊಂಡಿದೀಯ! ನೀನೇ ಅಂತ ನನಗೆ ಮೊದಲ ದಿನಾನೇ ಗೊತ್ತಾಯ್ತು!’

‘ನಿಮಗಿಂತ ಮೊದಲು ನನಗೆ ಗೊತ್ತಾಯ್ತು! ಬೀದಿಗೆಲ್ಲ ಕೇಳೋ ಹಾಗೆ ಟೈಪ್ ಮಾಡ್ತೀರ!’

ಅಷ್ಟಾದ ಮೇಲೆ ಇಬ್ಬರಿಗೂ ತಾವೇನು ಅಂದೆವೆಂದು ತಿಳಿಯಿತು. ಅತ್ತೆಯ ದನಿ ಇಳಿಯಿತು. ‘ನಾನೇ ಅಂತ ಗೊತ್ತಿದ್ದೂ ದಿನಾ ಮಾತಾಡಿದ್ರಾ?’

‘ಇನ್ನೆಲ್ಲಿ ಮಾತಾಡ್ಲಿ?’ ಎಂದರು ಮಾವ. ‘ಮನೇಲಿ ನೀನು ಬಾಯೇ ಬಿಡ್ತಿರಲಿಲ್ಲವಲ್ಲ.’

ಪರದೆಯೊಳಗೆ ಹೆಡ್‌ಮಾಸ್ಟರ್ ಕೆಮ್ಮಿದರು. ‘ಇಬ್ಬರು ಮೇಡಂ. ಸಂಶಯವೇ ಇಲ್ಲ, ಇಬ್ಬರೇ. ನಿಷೇಧ ತೆಗೆದಿದ್ದೀನಿ. ಆ ಪ್ರೋಗ್ರಾಂ ನಾಳೆ ಸರಿಮಾಡಿ. ಗಂಡ ಹೆಂಡತಿ ಅಂತಲೂ ಜನ ಇರ್ತಾರೆ ಅಂತ ಅದಕ್ಕೆ ಹೇಳಿಕೊಡಿ.’

ಲ್ಯಾಪ್‌ಟಾಪ್ ಮುಚ್ಚಿದೆ. ಎರಡೂ ಟ್ಯಾಬ್ ತಂದು ಮೇಜಿನ ಮೇಲಿಟ್ಟು, ‘ತಗೊಳ್ಳಿ, ಬಾಗಿಲು ತೆರೆದಿದೆ’ ಎಂದೆ. ಯಾರೂ ಮುಟ್ಟಲಿಲ್ಲ. ಮಾವ ಗೋಡೆ ನೋಡುತ್ತಾ, ಇನ್ನು ಸ್ವಲ್ಪ ತಿಳಿ ಮಾಡಿದ್ದರೆ ಚೆನ್ನಾಗಿರುತ್ತಿತ್ತೇನೋ ಎಂದು ಗೊಣಗಿದರು. ಅತ್ತೆ ಗಡಿಯಾರ ನೋಡಿ ನನ್ನ ಕಡೆ ತಿರುಗಿದರು.

‘ಹೇಳಮ್ಮ ಅವರಿಗೆ...’

ಅಲ್ಲಿಗೇ ನಿಲ್ಲಿಸಿದರು. ಅತ್ತೆ ಎದ್ದು, ನಡುವಿನ ಖಾಲಿ ಕುರ್ಚಿಗೆ ಬಂದು ಕೂತರು.

‘ರೀ,’ ಎಂದರು, ‘ಮಾತ್ರೆ ತಗೊಂಡ್ರಾ?’

ಮಾವ ಕಣ್ಣೊರೆಸಿಕೊಂಡರು.

‘ತಗೊಂಡೆ’ ಎಂದರು.

ಮಾತ್ರೆಯ ಡಬ್ಬಿ ಅಲ್ಲೇ ಮೇಜಿನ ಮೇಲಿತ್ತು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.