ಹದವಾದ ಸದ್ದು

ಹಳೆ ಪೇಟೆಯ ಪುನಶ್ಚೇತನ ಸಮಿತಿಗೆ ತಗಡಿನ ಕೆಲಸದವನ ಅಂಗಡಿ ಬಹಳ ಮೆಚ್ಚುಗೆಯಾಗಿತ್ತು. ಅದರ ಸದ್ದು ಮಾತ್ರ ಹಿಡಿಸಿರಲಿಲ್ಲ. ಎದುರಿಗೆ ಹೊಸದಾಗಿ ತೆರೆದಿದ್ದ ಕಾಫಿ ಅಂಗಡಿಗೆ ಜನ ಪಿಸುಮಾತಾಡಲು ಬರುತ್ತಿದ್ದರು. ಇಲ್ಲಿ ಬಕೆಟ್ಟಿಗೆ ಬಿದ್ದ ಪ್ರತಿ ಏಟಿಗೂ ಅಲ್ಲಿ ಕಪ್ಪುಗಳು ಬಸಿಯ ಮೇಲೆ ನಡುಗುತ್ತಿದ್ದವು.

ಸಮಿತಿಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ತಗಡಿನವನ ಹೆಂಡತಿಯ ತಮ್ಮ. ಒಂದು ಬೆಳಿಗ್ಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕರ್ಚೀಫು ಹಾಸಿ ಕೂತ.

"ಭಾವ, ಸ್ವಲ್ಪ ಮೆತ್ತಗೆ ಬಡೀಬಹುದಲ್ವಾ?"

"ಮೆತ್ತಗೆ ಹೇಳಿದ ತಕ್ಷಣ ಬಾಗೋಕೆ ಇದೇನು ನಿಮ್ಮ ಸಮಿತಿ ಸದಸ್ಯನಾ? ತಗಡು ಕಣೋ."

"ತಮಾಷೆ ಬೇಡ. ಕಟ್ಟಡ ಈಗ ಸಮಿತಿ ಕೈಲಿದೆ. ನಿಮ್ಮನ್ನ ಖಾಲಿ ಮಾಡಿಸ್ಬೇಕು ಅಂತ ಅಧ್ಯಕ್ಷರು ಹಟ ಹಿಡಿದಿದ್ರು. ನಾನೇ ಕೈಕಾಲು ಹಿಡಿದು ನಿಮ್ಮನ್ನ ಸಮುದಾಯ ಪಾಲುದಾರ ಅಂತ ಮಾಡಿಸಿದೀನಿ."

"ಪಾಲುದಾರ ಅಂದ್ರೆ ಏನ್ ಮಾಡ್ಬೇಕು?"

"ಏನೂ ಮಾಡ್ಬಾರ್ದು."

ಒಳಗೆ ಬಕೆಟ್ಟಿಗೆ ಹಿಡಿ ಸಿಕ್ಕಿಸುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು: "ಅದು ನಿನಗೆ ಹುಟ್ಟಿನಿಂದ ಬಂದಿದೆ. ಇವರು ಈ ವಯಸ್ಸಲ್ಲಿ ಹೇಗೋ ಕಲೀಬೇಕು?"

ಸಮಿತಿಯ ಯೋಜನೆ ಸರಳವಾಗಿತ್ತು. ಸುತ್ತಿಗೆಯ ಸದ್ದನ್ನು ರೆಕಾರ್ಡ್ ಮಾಡಿ ಬೀದಿಯುದ್ದಕ್ಕೂ ಸ್ಪೀಕರುಗಳಲ್ಲಿ ಹದವಾಗಿ ಕೇಳಿಸುವುದು. ಜನ ಬಂದಾಗ ಭಾವ ಸುತ್ತಿಗೆ ಎತ್ತಿ ಇಳಿಸಿದರೆ ಸಾಕು; ತಗಡಿಗೆ ತಾಗಬಾರದು. ಅಪ್ಪನ ಕಾಲದ ಅಂಗಡಿ, ಬಿಟ್ಟರೆ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆಂಬ ಭರವಸೆಯಿಲ್ಲ. ತಗಡಿನವನು ಒಪ್ಪಿದ. ಸಮಿತಿಯವರು ಅವನ ಸದ್ದಿನಿಂದ ಒರಟಾದ ಏಟುಗಳನ್ನು ತೆಗೆದುಹಾಕಿ, ಹಿನ್ನೆಲೆಗೆ ಕೊಳಲು ಸೇರಿಸಿದರು.

ಉದ್ಘಾಟನೆಯ ದಿನ ಅತಿಥಿಗಳು ಅಂಗಡಿಯ ಮುಂದೆ ಕಣ್ಣುಮುಚ್ಚಿ ಆಲಿಸಿ, "ಎಷ್ಟು ಸಹಜವಾಗಿದೆ" ಎಂದರು. ತಗಡಿನವನು ಗಾಳಿಗೆ ಬಡಿಯುತ್ತಿದ್ದ. ಅಷ್ಟರಲ್ಲಿ ಹೆಂಗಸೊಬ್ಬಳು ಬಕೆಟ್ಟು ಹಿಡಿದು ಅವರ ನಡುವೆ ನುಗ್ಗಿ ಬಂದಳು.

"ಏನ್ರೀ, ಸೊಳ್ಳೆ ಹೊಡೀತಿದೀರಾ? ಇದರ ತಳ ಸೋರ್ತಿದೆ, ಮಾಡ್ಕೊಡಿ."

"ಇವತ್ತು ಆಗಲ್ಲಮ್ಮ."

"ಯಾಕೆ, ಸುತ್ತಿಗೆ ಕೈಯಲ್ಲೇ ಇದೆಯಲ್ಲ."

ತಗಡಿನವನು ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿಕೊಂಡ. ಬಕೆಟ್ಟನ್ನು ಕಬ್ಬಿಣದ ದಿಮ್ಮಿಗೆ ಕವುಚಿ ಬಡಿದ. ಅತಿಥಿಗಳು ಕಣ್ಣು ತೆರೆದರು. ಒಬ್ಬರು ಕಿವಿ ಮುಚ್ಚಿದರು. ಸ್ಪೀಕರಿನ ತಾಳ ಒಂದು ಕಡೆ, ಅಂಗಡಿಯ ತಾಳ ಇನ್ನೊಂದು ಕಡೆ.

ಅಧ್ಯಕ್ಷರು ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದರು: "ಎರಡರಲ್ಲಿ ಒಂದನ್ನ ನಿಲ್ಸಪ್ಪ."

ಕಾರ್ಯದರ್ಶಿ ಸ್ಪೀಕರಿನ ಕಡೆ ನೋಡಿದ, ಭಾವನ ಕಡೆ ನೋಡಿದ. ಸ್ಪೀಕರು ಹೊಸದು.

"ಭಾವ, ನೀವೇ..." ಎಂದ.

ಅದೇ ವಾರ ಅಂಗಡಿ ಖಾಲಿಯಾಯಿತು. ಅವನು ಕೂರುತ್ತಿದ್ದ ಜಾಗದಲ್ಲಿ ಸುತ್ತಿಗೆ ಎತ್ತಿದ ಪ್ಲಾಸ್ಟರಿನ ಬೊಂಬೆಯನ್ನು ಕೂರಿಸಿದರು. ಅದರ ಮೈಕಟ್ಟು ತಗಡಿನವನಿಗಿಂತ ಚೆನ್ನಾಗಿತ್ತು. ಗಂಡಹೆಂಡಿರು ಹಿಂದಿನ ಓಣಿಯ ಶೆಡ್ಡಿಗೆ ಸಾಮಾನು ಸಾಗಿಸಿದರು. ಮೊದಲ ಕೆಲವು ದಿನ ನಾಯಿಯೂ ಇಣುಕಲಿಲ್ಲ. ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಸದ್ದಿನ ಜಾಡು ಹಿಡಿದು ಬಂದರು. ಕೊನೆಗೆ ಬಾಮೈದನೂ ಬಂದ.

"ಭಾವ, ಬಂದವರೆಲ್ಲ ಬೊಂಬೆ ಮುಂದೆ ನಿಂತು ಬಕೆಟ್ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ. ನೀವು ಮಾಡ್ಕೊಟ್ರೆ ಅಲ್ಲಿಟ್ಟು ಮಾರ್ತೀವಿ. ಇಲ್ಲಿ ಮಾಡಿದ್ದು ಅಂತ ಮಾತ್ರ ಹೇಳೋಹಾಗಿಲ್ಲ."

"ಬೊಂಬೆಗೇ ಹೇಳೋ," ಅಕ್ಕ ಅಂದಳು. "ಊಟ ಕೇಳಲ್ಲ, ಎದುರು ಮಾತಾಡಲ್ಲ. ನಿಮಗೆ ಹೇಳಿ ಮಾಡಿಸಿದ ಹಾಗಿದೆ."

"ಅಕ್ಕ, ಒಂದ್ನಿಮಿಷ ನನ್ನ ಮಾತು ಕೇಳು..."

ತಗಡಿನವನು ಹೊಸ ತಗಡಿನ ಹಾಳೆಯೊಂದನ್ನು ದಿಮ್ಮಿಯ ಮೇಲೆಳೆದು ಸುತ್ತಿಗೆ ಎತ್ತಿದ. ಆಮೇಲೆ ಬಾಮೈದನ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.